ಹಲ್ಲುನೋವಿನ ಎರಡು ಮಾತ್ರೆ

ನನ್ನ ಗಂಡ ಡೆಲ್ಬರ್ಟ್ ಸ್ಟ್ರಾಕಾನಂಥ ಹಟಮಾರಿ ಇನ್ನೊಬ್ಬನನ್ನು ನಮ್ಮ ನೆಬ್ರಾಸ್ಕಾ ರಾಜ್ಯ ಹೆತ್ತಿಲ್ಲ. ನೋವು ಬಂದರೆ ಹಲ್ಲು ಕಚ್ಚಿಕೊಂಡು ಸಹಿಸಬೇಕು ಎನ್ನುವುದು ಅವನ ಮತ. ಸರಿಯಪ್ಪಾ, ನೋವು ಬಂದಿರುವುದು ಹಲ್ಲಿಗೇ ಆದರೆ ಏನನ್ನು ಕಚ್ಚುತ್ತೀಯ? ಇಷ್ಟು ಸಣ್ಣ ಪ್ರಶ್ನೆಗೆ ಅವನ ಬಳಿ ಉತ್ತರವಿರಲಿಲ್ಲ. ನನ್ನ ಬಳಿ ಇತ್ತು. ಆ ಉತ್ತರ ಕೊಟ್ಟ ತಪ್ಪಿಗೇ ನಮ್ಮ ಸಂಸಾರ ಎರಡು ತಿಂಗಳು ಅಲ್ಲಾಡಿ ಹೋಯಿತು.

ನಾವು ಜೋಡಿ ಚಾಲಕರು. ಹತ್ತೊಂಬತ್ತು ವರ್ಷಗಳಿಂದ ಒಂದೇ ಲಾರಿ. ಅವನು ಓಡಿಸುವಾಗ ನಾನು ಸೀಟಿನ ಹಿಂದಿನ ಮಂಚದಲ್ಲಿ ಮಲಗುತ್ತೇನೆ, ನಾನು ಓಡಿಸುವಾಗ ಅವನು. ಹಾಸಿಗೆ ಒಂದೇ ಆದರೂ ಇಬ್ಬರೂ ಒಟ್ಟಿಗೆ ಮಲಗುವುದು ತಿಂಗಳಿಗೆ ನಾಲ್ಕು ದಿನ, ಊರಿಗೆ ಹೋದಾಗ. "ಹಾಗಾದ್ರೆ ಜಗಳ ಆಡೋದು ಯಾವಾಗೇ?" ಎಂದು ನನ್ನ ಅಕ್ಕ ಕೇಳುತ್ತಾಳೆ. ಸೀಟು ಬದಲಾಯಿಸುವಾಗ! ಹತ್ತು ನಿಮಿಷ ಸಾಕು, ಬೇಕಾದಷ್ಟು ಆಡಬಹುದು.

ಅಷ್ಟು ಸಣ್ಣ ಗೂಡಿನಲ್ಲಿ ಇಬ್ಬರು ಬದುಕುವಾಗ ನಿನ್ನದು ನನ್ನದು ಎಂಬುದು ಉಳಿಯುವುದಿಲ್ಲ. ಒಂದು ಕಂಬಳಿ, ಒಂದು ಬಾಚಣಿಗೆ, ಒಂದು ಕಾಫಿ ಫ್ಲಾಸ್ಕು. ಔಷಧಿಗೂ ಒಂದೇ ಡಬ್ಬಿ, ಹಳೇ ಕುಕಿ ಡಬ್ಬಿ. ಅವನ ರಕ್ತದೊತ್ತಡದ ಮಾತ್ರೆ, ನನ್ನ ಎದೆಯುರಿಯ ಮಾತ್ರೆ, ಗಾಯದ ಪಟ್ಟಿ, ಕೆಮ್ಮಿನ ಗುಳಿಗೆ ಎಲ್ಲ ಅದರೊಳಗೇ. ಹಿಂದಿನ ವರ್ಷ ನನ್ನ ಮಣಿಕಟ್ಟಿನ ನರಕ್ಕೆ ಆಪರೇಷನ್ ಆದಾಗ ಡಾಕ್ಟರು ಹೈಡ್ರೊಕೊಡೋನ್ ಎಂಬ, ಮಂಪರು ತರಿಸಿ ನೋವು ಇಳಿಸುವ ಬಿಳಿ ಮಾತ್ರೆ ಬರೆದುಕೊಟ್ಟಿದ್ದರು. ನಾಲ್ಕು ದಿನ ನುಂಗಿದೆ, ನೋವು ಇಳಿಯಿತು, ಬಿಟ್ಟೆ. ಮತ್ತೆ ಸ್ಟೀರಿಂಗ್ ಹಿಡಿದ ಮೇಲೆ ಅದನ್ನು ಮುಟ್ಟಿಲ್ಲ. ಉಳಿದದ್ದನ್ನು ಎಸೆಯುವುದು ಬಿಟ್ಟು ಅದೇ ಡಬ್ಬಿಯಲ್ಲಿ ಇಟ್ಟುಕೊಂಡೆ. ದುಡ್ಡು ಕೊಟ್ಟು ತಂದದ್ದನ್ನು ಎಸೆಯಲು ನನ್ನ ಅವ್ವ ಕಲಿಸಲಿಲ್ಲ.

ಮಾರ್ಚ್ ತಿಂಗಳು. ಡೆನ್ವರ್‌ನಲ್ಲಿ ಆಲೂಗಡ್ಡೆ ಚಿಪ್ಸ್ ತುಂಬಿಕೊಂಡು ಸಾಲ್ಟ್ ಲೇಕ್‌ಗೆ ಹೊರಟಿದ್ದೆವು. ಚಿಪ್ಸ್ ಲೋಡು ಹೆಸರಿಗೆ ಮಾತ್ರ ಲೋಡು. ಐವತ್ಮೂರು ಅಡಿ ಉದ್ದದ ಪೆಟ್ಟಿಗೆಯ ತುಂಬ ಗಾಳಿ ತುಂಬಿದ ಚೀಲಗಳು. ರಾಲಿನ್ಸ್ ಹತ್ತಿರ ವಯೋಮಿಂಗ್ ರಾಜ್ಯದವರು ಹೆದ್ದಾರಿಗೆ ಗೇಟು ಹಾಕಿಬಿಟ್ಟಿದ್ದರು. ಗಂಟೆಗೆ ಎಪ್ಪತ್ತು ಮೈಲಿ ಗಾಳಿ, ಹಗುರ ಗಾಡಿಗಳು ಮುಂದೆ ಹೋಗುವಂತಿಲ್ಲ. ಕಬ್ಬಿಣ, ಸಿಮೆಂಟು ಹೇರಿಕೊಂಡವರು ಮಾತ್ರ ನಮ್ಮ ಮೂಗಿನ ಮುಂದೆಯೇ ಹಾದುಹೋಗುತ್ತಿದ್ದರು. ಅವರಲ್ಲೊಬ್ಬ ಕಿಟಕಿ ಇಳಿಸಿ, "ಅಜ್ಜೀ, ಚಿಪ್ಸ್ ಮಧ್ಯೆ ನಾಲ್ಕು ಕಲ್ಲು ಹಾಕ್ಕೊಂಡು ಬಾ!" ಎಂದು ಕೂಗಿದ. ನಾನು ಅವನಿಗೆ ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ.

ಶನಿವಾರ ಮಧ್ಯಾಹ್ನ ಲಾರಿ ಅಡ್ಡೆಯಲ್ಲಿ ಗಾಡಿ ನಿಲ್ಲಿಸಿಕೊಂಡು ಕೂತೆವು. ಗಾಳಿಗೆ ಗಾಡಿ ತೊಟ್ಟಿಲ ಹಾಗೆ ತೂಗುತ್ತಿತ್ತು. ಡೆಲ್ ಉಪ್ಪು ಹಾಕಿ ಹುರಿದ ಮೆಕ್ಕೆಜೋಳದ ಪೊಟ್ಟಣ ಬಿಚ್ಚಿದ. ಮೂರನೆಯ ಹಿಡಿಗೆ ಟಕ್ ಎಂದು ಸದ್ದಾಯಿತು. ಅವನ ಮುಖ ಬಿಳಿಚಿಕೊಂಡಿತು.

"ಏನಾಯ್ತು?"

"ಏನಿಲ್ಲ."

"ಏನಿಲ್ಲ ಅಂದ್ರೆ ಹಾಗ್ಯಾಕೆ ಕೂತಿದ್ದೀಯ, ಫೋಟೋ ತೆಗೆಸ್ಕೊಳ್ಳೋನ ಹಾಗೆ?"

ಕೆಳಗಿನ ದವಡೆಯ ಹಲ್ಲು ಎರಡು ಹೋಳಾಗಿತ್ತು. ಒಂದು ಗಂಟೆಯಲ್ಲಿ ಕೆನ್ನೆ ಊದಿತು. ಎರಡು ಗಂಟೆಯಲ್ಲಿ ಆ ಮನುಷ್ಯ ಡ್ಯಾಶ್‌ಬೋರ್ಡಿಗೆ ಹಣೆ ಕೊಟ್ಟುಕೊಂಡು ಮುಲುಗತೊಡಗಿದ. ಅಂಗಡಿಯ ಸಾಮಾನ್ಯ ನೋವಿನ ಮಾತ್ರೆ ನಾಲ್ಕು ನುಂಗಿದರೂ ಏನೂ ಆಗಲಿಲ್ಲ. ಊರಲ್ಲಿದ್ದ ಇಬ್ಬರು ಹಲ್ಲಿನ ಡಾಕ್ಟರೂ ಸೋಮವಾರ ಬನ್ನಿ ಎಂದು ಫೋನಿನ ಯಂತ್ರದಲ್ಲಿ ಹೇಳಿಟ್ಟು ಹೋಗಿದ್ದರು. ಮೂವತ್ತೆಂಟು ವರ್ಷ ಸಂಸಾರ ಮಾಡಿದ ಗಂಡ ಎದುರಿಗೆ ಕೂತು ಹಾಗೆ ಒದ್ದಾಡುವುದನ್ನು ನೋಡಲು ನನ್ನಿಂದ ಆಗಲಿಲ್ಲ. ಕುಕಿ ಡಬ್ಬಿ ತೆಗೆದೆ.

"ಇದನ್ನ ನುಂಗು."

ಅವನು ಸೀಸೆ ನೋಡಿದ. "ಇದು ನಿಂದು. ಮೇಲೆ ನಿನ್ನ ಹೆಸರಿದೆ."

"ನಿನ್ನ ಹಲ್ಲಿಗೆ ಓದೋಕೆ ಬರುತ್ತಾ?"

"ಬೇಡ ರೋಂಡಾ. ಇದು ತಗೊಂಡ್ರೆ ಗಾಡಿ ಓಡಿಸೋ ಹಾಗಿಲ್ಲ."

"ರಸ್ತೇನೇ ಮುಚ್ಚಿದ್ದಾರೆ ಮಾರಾಯ, ಎಲ್ಲಿ ಓಡಿಸ್ತೀಯ? ಬಾಚಣಿಗೆ ಒಂದೇ, ಕಂಬಳಿ ಒಂದೇ, ಮಾತ್ರೆ ಬಂದಾಗ ಮಾತ್ರ ನಿಂದು ನಂದಾ? ಬಾಯಿ ತೆಗಿ."

ಅವನು ತೆಗೆಯಲಿಲ್ಲ. ಮೂಗು ಹಿಡಿದೆ. ಮೂಗು ಹಿಡಿದರೆ ಯಾರಾದರೂ ಬಾಯಿ ತೆಗೆಯಲೇಬೇಕು. ನಾಲಿಗೆಯ ಮೇಲೆ ಮಾತ್ರೆ ಇಟ್ಟು ನೀರು ಕುಡಿಸಿದೆ. ಅರ್ಧ ಗಂಟೆಯಲ್ಲಿ ಪಾಪ, ನಿದ್ದೆ ಹೋದ. ಭಾನುವಾರ ಬೆಳಿಗ್ಗೆ ಏಳಕ್ಕೆ ಇನ್ನೊಂದು ಕೊಟ್ಟೆ. ಮಧ್ಯಾಹ್ನ ರಸ್ತೆ ತೆರೆದರು. ಅಲ್ಲಿಂದ ಸಾಲ್ಟ್ ಲೇಕ್‌ವರೆಗೆ ಒಂದೊಂದು ಮೈಲಿಯನ್ನೂ ನಾನೇ ಓಡಿಸಿದೆ. ಅವನು ಮುಖಕ್ಕೆ ಮಫ್ಲರ್ ಸುತ್ತಿಕೊಂಡು ಹಿಂದೆ ಮಲಗಿದ್ದ.

ಸೋಮವಾರ ಹನ್ನೊಂದಕ್ಕೆ ಅಲ್ಲಿನ ಹಲ್ಲಿನ ಡಾಕ್ಟರ ಹತ್ತಿರ ಸಮಯ ಸಿಕ್ಕಿತ್ತು. ಎಂಟೂವರೆಗೆ ಅಲ್ಲೇ ಇರುವ ನಮ್ಮ ಕಂಪನಿಯ ಅಂಗಳದಲ್ಲಿ ಸುರಕ್ಷತಾ ವಿಭಾಗದ ಗ್ರೇಡಿ ಓಡಿ ಬಂದ. ನಮ್ಮ ಮಗನಾಗುವ ವಯಸ್ಸಿನವನು, ಮರ್ಯಾದಸ್ಥ.

"ಮಿಸ್ಟರ್ ಸ್ಟ್ರಾಕಾ, ಕಂಪ್ಯೂಟರ್ ನಿಮ್ಮ ಹೆಸರು ಎತ್ತಿದೆ. ಈಗ್ಲೇ ಹೋಗ್ಬೇಕು."

ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ಹೆಸರು ಎತ್ತುತ್ತದೆ. ಹೆಸರು ಬಂದವನು ಆ ಕ್ಷಣವೇ ಹೋಗಿ ಕಪ್ಪಿನಲ್ಲಿ ಮೂತ್ರ ಕೊಟ್ಟು ಬರಬೇಕು. ಮೂವತ್ತೇಳು ವರ್ಷದಲ್ಲಿ ಡೆಲ್ ಇಂಥ ಕಪ್ಪು ಎಷ್ಟು ತುಂಬಿಸಿದ್ದಾನೋ ಲೆಕ್ಕವಿಲ್ಲ. ಗಂಟಲಿಗೆ ಒಂದು ಹನಿ ಬಿಯರ್ ಇಳಿಸುವವನೂ ಅಲ್ಲ. ಊದಿದ ಕೆನ್ನೆಯಲ್ಲೇ ನಗುತ್ತ, "ಬೇಗ ಕೊಡಪ್ಪ ಕಪ್ಪು, ಬೆಳಗಿನ ಕಾಫಿ ಎಲ್ಲಾ ನಿಂಗೇ ಅಂತ ಇಟ್ಕೊಂಡಿದ್ದೀನಿ" ಎಂದು ಹೋದ. ನಾನೂ ನಕ್ಕೆ. ನಿಜ ಹೇಳುತ್ತೇನೆ, ಆ ಬಿಳಿ ಮಾತ್ರೆಯ ನೆನಪು ಇಬ್ಬರಲ್ಲಿ ಒಬ್ಬರಿಗೂ ಬರಲಿಲ್ಲ. ಡ್ರಗ್ಸ್ ಎಂದರೆ ನಮ್ಮ ತಲೆಯಲ್ಲಿ ಬೇರೆಯೇ ಚಿತ್ರ, ಸಂದಿಗೊಂದಿಯಲ್ಲಿ ಮಾರುವಂಥದ್ದು. ಡಾಕ್ಟರು ಬರೆದುಕೊಟ್ಟು, ಅಂಗಡಿಯವರು ಹೆಸರು ಅಂಟಿಸಿ ಕೊಟ್ಟದ್ದು ಔಷಧಿ. ಔಷಧಿಗೆ ಯಾರಾದರೂ ಹೆದರುತ್ತಾರೆಯೇ?

ಒಂಬತ್ತು ದಿನ ಕಳೆಯಿತು. ಐಯೋವಾದ ಒಂದು ಲಾರಿ ಅಡ್ಡೆಯಲ್ಲಿ ಬೆಳಗಿನ ತಿಂಡಿಗೆ ಕೂತಿದ್ದೆವು. ಹಲ್ಲು ಕೀಳಿಸಿಕೊಂಡಿದ್ದ ಡೆಲ್ ಒಂದೇ ಕಡೆಯಿಂದ ಅಗಿಯುತ್ತಿದ್ದ. ಫೋನು ಬಂತು. ಪರೀಕ್ಷೆಯ ಫಲಿತಾಂಶ ಪರಿಶೀಲಿಸುವ ವೈದ್ಯ, ಕಾನ್ಸಾಸ್‌ನಿಂದ. ಎರಡು ನಿಮಿಷ ಕೇಳಿಸಿಕೊಂಡ ಡೆಲ್ ಫೋನಿಗೆ ಅಂಗೈ ಮುಚ್ಚಿ ನನ್ನ ಕಡೆ ನೋಡಿದ.

"ಆ ಮಾತ್ರೆ ಸಿಕ್ಕಿದೆಯಂತೆ. ನನ್ನ ಹೆಸರಿಗೆ ಡಾಕ್ಟರ್ ಬರೆದ ಚೀಟಿ ಇದೆಯಾ ಅಂತ ಕೇಳ್ತಿದ್ದಾರೆ."

ನಾನು ಸರಕ್ಕನೆ ಮುಂದೆ ಬಾಗಿ ಪಿಸುಗುಟ್ಟಿದೆ: "ಹಲ್ಲಿನ ಡಾಕ್ಟರ್ ಕೊಟ್ರು ಅನ್ನು."

ಅವನು ಎದ್ದು ಹೊರಗೆ ಹೋದ. ನಮ್ಮ ಲಾರಿಯ ಸುತ್ತ ನಿಧಾನಕ್ಕೆ ನಡೆಯುತ್ತ ಮಾತಾಡುವುದು ಕಿಟಕಿಯಿಂದ ಕಾಣುತ್ತಿತ್ತು. ಒಂದೊಂದು ಚಕ್ರದ ಬಳಿಯೂ ನಿಲ್ಲುತ್ತಿದ್ದ. ತಿಂಡಿ ತಣ್ಣಗಾಯಿತು. ಕೊನೆಗೆ ಒಳಗೆ ಬಂದು ಕೂತ.

"ಏನಂದೆ?"

"ಹೆಂಡ್ತಿ ಮಾತ್ರೆ ಅಂದೆ."

"ಆಹಾ, ಸತ್ಯಸಂಧ! ಒಂದೇ ಒಂದು ಸುಳ್ಳು ಹೇಳೋಕೆ ನಾಲಿಗೆ ತಿರುಗಲಿಲ್ವಾ ನಿಂಗೆ?"

"ಬಿಡು ರೋಂಡಾ. ಹಲ್ಲಿನ ಡಾಕ್ಟರಿಗೆ ಫೋನ್ ಮಾಡಿ ಕೇಳಿದ್ರೆ ಅರ್ಧ ಗಂಟೇಲಿ ಬಯಲಾಗೋದು."

ಅದೂ ನಿಜವೇ. ಆದರೆ ನಿಜ ಎಂದು ಒಪ್ಪಿಕೊಳ್ಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ನಿಯಮ ಇಷ್ಟೇ: ಸೀಸೆಯ ಮೇಲೆ ನಿನ್ನ ಹೆಸರಿದ್ದರೆ ನೀನು ರೋಗಿ, ಇಲ್ಲದಿದ್ದರೆ ನೀನು ಡ್ರಗ್ಸ್ ತೆಗೆದುಕೊಂಡವನು. ನಡುವೆ ಹಲ್ಲುನೋವಿಗೆ ಜಾಗವಿಲ್ಲ. ಮಧ್ಯಾಹ್ನದೊಳಗೆ ಗ್ರೇಡಿ ಫೋನು ಮಾಡಿದ. ಡೆಲ್ ಇನ್ನು ಸ್ಟೀರಿಂಗ್ ಮುಟ್ಟುವಂತಿಲ್ಲ. ಲಾರಿ ಲೈಸೆನ್ಸೂ ಹೋಯಿತು, ಕೆಲಸವೂ ಹೋಯಿತು. ಹೆಸರು ಸರ್ಕಾರದ ಪಟ್ಟಿಗೆ ಹೋಗುತ್ತದೆ, ಯಾವ ಕಂಪನಿ ತೆರೆದು ನೋಡಿದರೂ ಕಾಣುತ್ತದೆ. ಅಷ್ಟೇ ಅಲ್ಲ, ಪ್ರಯಾಣಿಕನಾಗಿಯೂ ಆ ಲಾರಿಯಲ್ಲಿ ಕೂರುವಂತಿಲ್ಲ, ಹತ್ತಿರದ ಬಸ್ ನಿಲ್ದಾಣದವರೆಗೆ ಮಾತ್ರ ಬಿಡಬಹುದು.

ಡಿ ಮಾಯ್ನ್‌ನ ಬಸ್ ನಿಲ್ದಾಣದ ಎದುರು ಅವನನ್ನು ಇಳಿಸಿದೆ. ಒಂದು ಚೀಲ, ಒಂದು ದಿಂಬು. ಮೂವತ್ತು ಲಕ್ಷ ಮೈಲಿ ಒಂದು ಗೀರೂ ಇಲ್ಲದೆ ಓಡಿಸಿದ ಮನುಷ್ಯ ದಿಂಬು ಕಂಕುಳಲ್ಲಿಟ್ಟುಕೊಂಡು ಫುಟ್‌ಪಾತಿನ ಮೇಲೆ ನಿಂತಿದ್ದ.

"ಎಡಗಡೆ ಕನ್ನಡಿ ಸ್ವಲ್ಪ ಸಡಿಲ ಇದೆ. ಬಿಗಿ ಮಾಡ್ಸು" ಎಂದ. ಅಷ್ಟೇ.

ನಾನು ಒಮಾಹಾ ಬರುವವರೆಗೂ ಅತ್ತೆ. ಅವನ ಮೇಲೆ ಸಿಟ್ಟು, ನನ್ನ ಮೇಲೆ ಸಿಟ್ಟು, ಆ ಮೆಕ್ಕೆಜೋಳ ಹುರಿದವನ ಮೇಲೂ ಸಿಟ್ಟು. ಡಬ್ಬಿಯಲ್ಲಿ ಉಳಿದ ಬಿಳಿ ಮಾತ್ರೆಗಳನ್ನು ಅವತ್ತೇ ಪೊಲೀಸ್ ಠಾಣೆಯಲ್ಲಿ ಬೇಡದ ಔಷಧಿ ಹಾಕಲೆಂದು ಇಟ್ಟಿರುವ ಪೆಟ್ಟಿಗೆಗೆ ಸುರಿದೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಬುದ್ಧಿವಂತೆ ನಾನು.

ಎರಡು ತಿಂಗಳು ಒಬ್ಬಳೇ ಓಡಿಸಿದೆ. ಹಿಂದಿನ ಮಂಚ ಖಾಲಿ. ಗೊರಕೆ ಇಲ್ಲದ ಗಾಡಿ ಎಂಜಿನ್ ಕೆಟ್ಟ ಗಾಡಿಯ ಹಾಗೆ ಅನಿಸುತ್ತಿತ್ತು. ದಿನಾ ಫೋನು ಮಾಡಿ ವಿಚಾರಿಸುತ್ತಿದ್ದೆ. ವಿಚಾರಿಸುವುದು ಎರಡು ನಿಮಿಷ, ಬೈಯುವುದು ಇಪ್ಪತ್ತು ನಿಮಿಷ. "ಸುಳ್ಳು ಹೇಳೋಕೆ ಬಾರದವನು ಮದುವೆ ಯಾಕೆ ಆಗ್ಬೇಕಿತ್ತು?" ಎಂದೂ ಕೇಳಿದೆ. ಅವನು ಎಲ್ಲದಕ್ಕೂ ಹೂಂ ಅನ್ನುತ್ತಿದ್ದ. ಹೂಂ ಅನ್ನುವ ಗಂಡಸಿನ ಹತ್ತಿರ ಜಗಳ ಆಡುವುದು ಎಷ್ಟು ಕಷ್ಟ ಎಂಬುದು ಆಡಿದವರಿಗೇ ಗೊತ್ತು.

ಲೈಸೆನ್ಸ್ ವಾಪಸ್ ಬರಬೇಕಾದರೆ ಒಂದೇ ದಾರಿ. ಇದಕ್ಕೆಂದೇ ಇರುವ ಸಲಹೆಗಾರರ ಬಳಿ ಹೋಗಬೇಕು, ಅವರು ಎಲ್ಲ ಕೇಳಿ ತಿಳಿದು ಇಂತಿಂಥದ್ದು ಮಾಡು ಎಂದು ಬರೆದುಕೊಡುತ್ತಾರೆ, ಅದನ್ನು ಮುಗಿಸಿದ ಮೇಲೆ ಮತ್ತೆ ಕಪ್ಪು. ಡೆಲ್ ಗ್ರ್ಯಾಂಡ್ ಐಲೆಂಡ್ ಪಟ್ಟಣದ ಮಿಸಸ್ ಬಾಕಾ ಎಂಬವರ ಬಳಿ ಹೋಗಿ ಬಂದ. ಏನು ಬರೆದರು ಎಂದು ಫೋನಿನಲ್ಲಿ ಕೇಳಿದೆ.

"ಹದಿನಾರು ವಾರ ಚಿಕಿತ್ಸೆ. ವಾರಕ್ಕೆ ಮೂರು ದಿನ. ಆಮೇಲೆ ಐದು ವರ್ಷ ಯಾವಾಗ ಬೇಕಾದ್ರೂ ಕರೆದು ಪರೀಕ್ಷೆ ಮಾಡ್ತಾರೆ."

"ಐದು ವರ್ಷ!"

"ಹೂಂ. ಕಪ್ಪು ತುಂಬಿಸೋವಾಗ ಒಬ್ಬ ಪಕ್ಕದಲ್ಲಿ ನಿಂತ್ಕೊಂಡು ನೋಡ್ತಿರ್ತಾನಂತೆ. ಏನೂ ಬಚ್ಚಿಟ್ಟಿಲ್ಲ ಅಂತ ಅಂಗಿ ಎದೆ ತನಕ ಎತ್ತಿ ಒಂದು ಸುತ್ತು ತಿರುಗಿ ತೋರಿಸ್ಬೇಕಂತೆ."

ಅವನಿಗೆ ಅರವತ್ತೊಂದು. ಐದು ವರ್ಷ ಅಂಗಿ ಎತ್ತಿಕೊಂಡು ತಿರುಗುವವನನ್ನು ಯಾವ ಕಂಪನಿ ತೆಗೆದುಕೊಳ್ಳುತ್ತದೆ? ಅದು ಶಿಕ್ಷೆಯಲ್ಲ, ನಿವೃತ್ತಿ. ನನಗೆ ಮೈಯೆಲ್ಲ ಉರಿದದ್ದು ಇನ್ನೊಂದು ಕಾರಣಕ್ಕೆ. ನಮ್ಮದೇ ಕಂಪನಿಯಲ್ಲಿದ್ದ ಕರ್ಟಿಸ್ ಎಂಬವನು ಹೋದ ವರ್ಷ ಗಾಂಜಾ ಸೇದಿ ಸಿಕ್ಕಿಬಿದ್ದಿದ್ದ. ಅವನಿಗೆ ಹನ್ನೆರಡು ಗಂಟೆ ಪಾಠ, ಒಂದು ವರ್ಷದಲ್ಲಿ ಆರು ಪರೀಕ್ಷೆ, ಮುಗಿಯಿತು, ಈಗ ಬೇರೆ ಕಡೆ ಆರಾಮಾಗಿ ಓಡಿಸುತ್ತಿದ್ದಾನೆ. ಗಾಂಜಾಕ್ಕೆ ಒಂದು ವರ್ಷ, ಹಲ್ಲುನೋವಿಗೆ ಐದು ವರ್ಷ! ಇದ್ಯಾವ ನ್ಯಾಯ?

"ಬಿಡು ರೋಂಡಾ" ಎಂದ ಡೆಲ್.

ಬಿಡುವ ಜಾತಿ ನನ್ನದಲ್ಲ. ಮೂರು ದಿನ ರಜೆ ಹಾಕಿ ಊರಿಗೆ ಬಂದು, ಅವನನ್ನು ಎಬ್ಬಿಸಿಕೊಂಡು, ಗ್ರ್ಯಾಂಡ್ ಐಲೆಂಡ್‌ಗೆ ಹೊರಟೆ. ದಾರಿಯುದ್ದಕ್ಕೂ ಅವನು ವಾಪಸ್ ಹೋಗೋಣ, ವಾಪಸ್ ಹೋಗೋಣ ಎನ್ನುತ್ತಲೇ ಇದ್ದ.

ಮಿಸಸ್ ಬಾಕಾ ನನ್ನ ವಯಸ್ಸಿನವರೇ. ದಪ್ಪ ಕನ್ನಡಕ, ಮೆಲ್ಲಗೆ ಮಾತು. ನಾನು ಕೂರುವ ಮೊದಲೇ ಶುರು ಮಾಡಿದೆ.

"ಅಮ್ಮಾ, ನಿಮ್ಗೆ ಯಾವತ್ತಾದ್ರೂ ಹಲ್ಲು ನೋವು ಬಂದಿದೆಯಾ?"

"ಬಂದಿದೆ. ಕೂತ್ಕೊಳ್ಳಿ."

"ಒಂದು ಹಲ್ಲು ನೋವಿಗೆ ಐದು ವರ್ಷ ಅಂದ್ರೆ, ಇವನಿಗೇನಾದ್ರೂ ಸೊಂಟ ಮುರಿದಿದ್ರೆ ಗಲ್ಲಿಗೇ ಹಾಕ್ತಿದ್ರಾ? ಇವನು ಕೆಮ್ಮಿನ ಔಷಧಿನೂ ಅಳೆದು ಕುಡಿಯೋ ಮನುಷ್ಯ. ಇವನನ್ನ ಕುಡುಕರು, ನಶೆಯವರ ಜೊತೆ ಕೂರಿಸ್ತೀರಾ?"

ಅವರು ಡೆಲ್ ಕಡೆ ನೋಡಿದರು. ಅವನು ನೆಲ ನೋಡುತ್ತಿದ್ದ.

"ಮಿಸಸ್ ಸ್ಟ್ರಾಕಾ, ನಾನ್ಯಾಕೆ ಹಾಗೆ ಬರೆದೆ ಅನ್ನೋದು ಅವರ ಕಡತದಲ್ಲಿದೆ. ಅವರು ಹೂಂ ಅನ್ನದೆ ಅದರಲ್ಲಿ ಒಂದಕ್ಷರಾನೂ ನಿಮಗೆ ಹೇಳೋ ಹಾಗಿಲ್ಲ ನಾನು."

"ಹೂಂ ಅನ್ನೋ" ಎಂದೆ ಡೆಲ್‌ಗೆ.

"ಊಹೂಂ."

"ಎರಡು ತಿಂಗಳಿಂದ ಎಲ್ಲದಕ್ಕೂ ಹೂಂ ಅಂತಿದ್ದೆಯಲ್ಲ, ಈಗೇನು ಬಂತು ರೋಗ?"

"ಬೇಡ. ಮನೆಗೆ ಹೋಗೋಣ ಬಾ. ದಾರೀಲಿ ಕಾಫಿ ಕುಡಿಯೋಣ."

"ಕಾಫಿ ನಿನ್ನ ತಲೆ ಮೇಲೆ ಸುರೀತೀನಿ. ನೀನು ಹೂಂ ಅನ್ನೋ ತನಕ ಈ ಕುರ್ಚಿ ಬಿಟ್ಟು ಏಳಲ್ಲ ನಾನು."

ಏಳುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಕೊನೆಗೆ ತಲೆ ಎತ್ತದೆ ಹೂಂ ಎಂದ. ಮಿಸಸ್ ಬಾಕಾ ಅವನ ಸಹಿ ಹಾಕಿಸಿಕೊಂಡು, ಕಡತ ತೆಗೆದು ಓದಿದರು.

"ಹೆಂಡತಿಯ ಔಷಧಿ ಡಬ್ಬಿಯಿಂದ ಆಕೆಗೆ ತಿಳಿಯದಂತೆ ಮಾತ್ರೆ ಕದ್ದದ್ದಾಗಿ ಒಪ್ಪಿದ್ದಾರೆ. ಆಕೆ ಮಲಗಿದ್ದಾಗ ತೆಗೆದದ್ದು. ಎಷ್ಟು ಸಲ ಎಂದು ಕೇಳಿದಾಗ ನೆನಪಿಲ್ಲ ಎಂದರು. ಹೆಂಡತಿಗೆ ಈಗಲೂ ವಿಷಯ ಪೂರ್ತಿ ಗೊತ್ತಿಲ್ಲ ಎಂದರು."

ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಕದಿಯೋದು, ಮುಚ್ಚಿಡೋದು, ಎಷ್ಟು ಸಲ ಅಂತ ನೆನಪಿಲ್ಲ ಅನ್ನೋದು. ಇಪ್ಪತ್ತೆರಡು ವರ್ಷದಿಂದ ಈ ಕೆಲಸ ಮಾಡ್ತಿದ್ದೀನಿ. ಈ ಮೂರೂ ಒಟ್ಟಿಗೆ ಇರೋರನ್ನ ಹನ್ನೆರಡು ಗಂಟೆ ಪಾಠ ಹೇಳಿ ರಸ್ತೆಗೆ ಬಿಟ್ರೆ, ನಾಳೆ ಅವರ ಮುಂದಿರೋ ಕಾರಿನಲ್ಲಿ ಯಾರದ್ದೋ ಮಕ್ಕಳಿರ್ತಾರೆ."

ಐಯೋವಾದಲ್ಲಿ ಲಾರಿಯ ಸುತ್ತ ನಡೆಯುತ್ತ ಈ ಮನುಷ್ಯ ಫೋನಿನಲ್ಲಿ ಆ ವೈದ್ಯನಿಗೆ ಹೇಳಿದ್ದೂ ಇದೇ, ಇಲ್ಲಿ ಬಂದು ಹೇಳಿದ್ದೂ ಇದೇ. ಒಂದು ಸುಳ್ಳು ಹೇಳಲಿಲ್ಲ ಎಂದು ನಾನು ಅವನನ್ನು ಎರಡು ತಿಂಗಳು ಹುರಿದು ಮುಕ್ಕಿದ್ದೆ. ಅವನು ನಾನು ಹೇಳಿಕೊಟ್ಟದ್ದಕ್ಕಿಂತ ದೊಡ್ಡ ಸುಳ್ಳು ಹೇಳಿ, ಅದನ್ನು ತನ್ನ ತಲೆಗೇ ಕಟ್ಟಿಕೊಂಡು, ನನ್ನ ಬೈಗುಳಕ್ಕೆ ಹೂಂ ಎನ್ನುತ್ತ ಕೂತಿದ್ದ.

"ಸುಳ್ಳು" ಎಂದೆ.

"ರೋಂಡಾ" ಎಂದ ಡೆಲ್.

"ಎಲ್ಲಾ ಸುಳ್ಳು ಅಮ್ಮಾ. ಇವನು ಕದೀಲಿಲ್ಲ. ನಾನೇ ಕೊಟ್ಟೆ, ಈ ಕೈಯಲ್ಲಿ. ಇವನು ಬೇಡ ಅಂದ, ಮೂಗು ಹಿಡಿದು ಬಾಯಿಗೆ ಹಾಕಿದೆ."

ಡೆಲ್ ಎದ್ದು ನಿಂತ. "ಬಾಯಿ ಮುಚ್ಚೇ!"

ಮೂವತ್ತೆಂಟು ವರ್ಷದಲ್ಲಿ ಅವನು ನನಗೆ ಆ ಮಾತು ಹೇಳಿದ್ದು ಅದೇ ಮೊದಲು. ಮಿಸಸ್ ಬಾಕಾ ಕಡೆ ತಿರುಗಿ, "ಅವಳ ಮಾತು ಕಿವಿಗೆ ಹಾಕ್ಕೋಬೇಡಿ. ನನ್ನ ಮೇಲಿನ ಪ್ರೀತಿಗೆ ಹೀಗೆಲ್ಲ ಹೇಳ್ತಿದ್ದಾಳೆ" ಎಂದ.

"ಪ್ರೀತಿ! ಇವನ ಮೇಲೆ! ಈ ಹೊತ್ತಲ್ಲಿ ಇವನ ಕತ್ತು ಹಿಸುಕೋಣ ಅನಿಸ್ತಿದೆ ನನಗೆ. ಅಮ್ಮಾ, ಬರ್ಕೊಳ್ಳಿ. ಶನಿವಾರ ಮಧ್ಯಾಹ್ನ ಮೂರಕ್ಕೆ ಒಂದು, ಭಾನುವಾರ ಬೆಳಿಗ್ಗೆ ಏಳಕ್ಕೆ ಒಂದು. ಅಷ್ಟೇ. ರಾಲಿನ್ಸ್‌ನಲ್ಲಿ ಗಾಳಿಗೆ ರಸ್ತೆ ಮುಚ್ಚಿತ್ತು, ಬೇಕಾದ್ರೆ ಹೆದ್ದಾರಿಯವರನ್ನ ಕೇಳಿ. ಅಲ್ಲಿಂದ ನಾನೇ ಓಡಿಸಿದ್ದು, ಯಾರು ಎಷ್ಟು ಓಡಿಸಿದ್ರು ಅಂತ ಗಾಡಿಯ ಯಂತ್ರದಲ್ಲಿ ದಾಖಲೆ ಇದೆ. ಸೋಮವಾರ ಹಲ್ಲು ಕಿತ್ತ ಡಾಕ್ಟರ ಚೀಟಿ ಇಲ್ಲಿದೆ."

ಕೈಚೀಲದಲ್ಲಿದ್ದುದನ್ನೆಲ್ಲ ಅವರ ಮೇಜಿನ ಮೇಲೆ ಸುರಿದೆ. ಅವರು ಚೀಟಿ ಎತ್ತಿ ನಿಧಾನಕ್ಕೆ ಓದಿದರು. ತಾರೀಖು ನೋಡಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಮಿಸ್ಟರ್ ಸ್ಟ್ರಾಕಾ, ಕೂತ್ಕೊಳ್ಳಿ. ಯಾಕೆ ಹೀಗೆ ಮಾಡಿದ್ರಿ?"

ಅವನು ಕೂತ. ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡ. ಅವನಿಗೆ ಮಾತು ಯಾವತ್ತೂ ಕಷ್ಟ.

"ಅವಳ ಲೈಸೆನ್ಸೂ ಹೋಗುತ್ತೆ ಅಂತ."

"ಅಂದ್ರೆ?"

"ಹೆಂಡ್ತಿ ಕೊಟ್ಟಳು ಅಂದ್ರೆ, ಮಾತ್ರೆ ಹಂಚಿದ ಕೇಸು ಅವಳ ಮೇಲೆ ಬೀಳುತ್ತೆ. ಟೆಕ್ಸಸ್‌ನಲ್ಲಿ ನಮ್ಮ ಥರಾನೇ ಒಂದು ಜೋಡಿ ಇದ್ರಂತೆ. ಗಂಡ ನಿಜ ಹೇಳಿದ್ದಕ್ಕೆ ಇಬ್ಬರದ್ದೂ ಕಿತ್ಕೊಂಡ್ರಂತೆ." ಟೋಪಿಯ ಅಂಚನ್ನು ತಿರುಗಿಸುತ್ತ ಮುಂದುವರಿಸಿದ. "ನಾನಾದ್ರೆ ಮನೇಲಿ ಇರ್ತೀನಿ. ಕೋಳಿ ಸಾಕ್ತೀನಿ, ಏನೋ ಒಂದು. ಇವಳಿಗೆ ಆಗಲ್ಲ. ಇವಳಿಗೆ ಲಾರಿ ಅಂದ್ರೆ ಜೀವ. ಅದು ಹೋದ್ರೆ ಇವಳು ಉಳಿಯಲ್ಲ."

ನಾನು ಮೇಜಿನ ಮೇಲೆ ಸುರಿದದ್ದನ್ನು ಒಂದೊಂದಾಗಿ ಕೈಚೀಲಕ್ಕೆ ತುಂಬತೊಡಗಿದೆ.

"ಆ ಟೆಕ್ಸಸ್ ಜೋಡಿ ಹೆಸರೇನು?" ಮಿಸಸ್ ಬಾಕಾ ಕೇಳಿದರು.

"ಗೊತ್ತಿಲ್ಲ."

"ನೀವು ಅವರನ್ನ ನೋಡಿದ್ದೀರಾ?"

"ಇಲ್ಲ. ಅಡ್ಡೆಯಲ್ಲಿ ಎಲ್ಲರೂ ಹೇಳ್ತಾರೆ."

ಅವರು ಒಂದು ಉಸಿರು ಬಿಟ್ಟರು. "ಆ ಜೋಡಿ ಕಥೆ ನಾನೂ ಕೇಳಿದ್ದೀನಿ. ಒಬ್ಬೊಬ್ಬ ಡ್ರೈವರ್ ಬಾಯಲ್ಲಿ ಒಂದೊಂದು ರಾಜ್ಯದವರಾಗಿರ್ತಾರೆ. ಮಿಸಸ್ ಸ್ಟ್ರಾಕಾ, ನೀವು ಮಾಡಿದ್ದು ತಪ್ಪು. ನಿಮ್ಮ ಹೆಸರಿನ ಮಾತ್ರೆ ಇನ್ನೊಬ್ಬರಿಗೆ ಕೊಡೋದು ಕಾನೂನಿಗೂ ತಪ್ಪು, ಅವರ ಜೀವಕ್ಕೂ ಅಪಾಯ. ಇವರ ರಕ್ತದೊತ್ತಡದ ಮಾತ್ರೆ ಜೊತೆ ಸೇರಿ ಏನಾದ್ರೂ ಆಗಿದ್ರೆ, ಆ ಗಾಳೀಲಿ ಆಂಬುಲೆನ್ಸ್ ಕೂಡ ಬರ್ತಿರಲಿಲ್ಲ. ತಿಳೀತಾ?"

"ತಿಳೀತು" ಎಂದೆ. ಶಾಲೆಯ ಹುಡುಗಿಯ ಹಾಗೆ ತಲೆ ತಗ್ಗಿಸಿದೆ. ಅದು ನನಗೆ ಹೊಳೆದೇ ಇರಲಿಲ್ಲ.

"ಆದರೆ ಈ ಪರೀಕ್ಷೆ ವಿಷಯದಲ್ಲಿ ಅವರವರ ಲೈಸೆನ್ಸು ಅವರವರ ಕಪ್ಪಿಗೆ ಕಟ್ಟಿದ್ದು. ಅವತ್ತು ಕಪ್ಪು ಕೊಟ್ಟದ್ದು ಇವರು, ನೀವಲ್ಲ. ಗಂಡ ಅವತ್ತೇ ನಿಜ ಹೇಳಿದ್ರೂ ನಿಮ್ಮ ಹೆಸರು ಆ ಪಟ್ಟಿಗೆ ಹೋಗ್ತಿರಲಿಲ್ಲ." ಡೆಲ್ ಕಡೆ ತಿರುಗಿದರು. "ಫಲಿತಾಂಶ ಬದಲಾಗಲ್ಲ, ಅದನ್ನ ಬದಲಾಯಿಸೋ ಅಧಿಕಾರ ನಂಗಿಲ್ಲ. ನೀವು ತಪ್ಪಿತಸ್ಥರೇ. ಆದರೆ ಹೊಸ ವಿಷಯ ಗೊತ್ತಾದ್ರೆ ನಾನು ಬರೆದದ್ದನ್ನ ನಾನೇ ತಿದ್ದಬಹುದು. ಆ ಹಲ್ಲಿನ ಡಾಕ್ಟರ ಹತ್ರ ಮಾತಾಡ್ತೀನಿ, ಗಾಡಿ ದಾಖಲೆ ತರಿಸ್ತೀನಿ. ಇವರು ಹೇಳಿದ್ದು ಹೊಂದಿದ್ರೆ ಹನ್ನೆರಡು ಗಂಟೆ ಪಾಠ, ಒಂದು ವರ್ಷ ಪರೀಕ್ಷೆ. ಕಾಗದ ಕಂಪನಿಗೂ ಹೋಗುತ್ತೆ. ಮಾತ್ರೆ ಯಾರು ಕೊಟ್ಟದ್ದು ಅಂತ ಅದರಲ್ಲಿ ಇರುತ್ತೆ. ಮಿಸಸ್ ಸ್ಟ್ರಾಕಾ, ಅವರು ನಿಮ್ಮನ್ನ ಕೆಲಸದಲ್ಲಿ ಇಟ್ಕೋತಾರೋ ಬಿಡ್ತಾರೋ ನಂಗೆ ಗೊತ್ತಿಲ್ಲ."

"ಬರೀರಿ" ಎಂದೆ. "ದಪ್ಪ ಅಕ್ಷರದಲ್ಲಿ ಬರೀರಿ. ಕಂಪನಿ ಇದಲ್ಲದಿದ್ರೆ ಇನ್ನೊಂದು. ಆದರೆ ಆ ಕಡತದಲ್ಲಿ ಕದ್ದ ಅನ್ನೋ ಮಾತಿದೆಯಲ್ಲ, ಅದನ್ನ ಹೊಡೆದು ಹಾಕಿ."

ಡೆಲ್‌ಗೆ ನಮ್ಮ ಮಾತು ಕೇಳುತ್ತಿರಲಿಲ್ಲ. ಅವನ ಮನಸ್ಸು ಇನ್ನೂ ಆ ಹಿಂದಿನ ಮಾತಿನಲ್ಲೇ ನಿಂತಿತ್ತು. ಟೋಪಿಯನ್ನು ಎರಡು ಕೈಯಲ್ಲಿ ಹಿಂಡುತ್ತಿದ್ದ.

"ಅವಳ ಲೈಸೆನ್ಸ್ ಹೋಗ್ತಾನೇ ಇರ್ಲಿಲ್ವಾ?" ಎಂದು ಕೇಳಿದ.

"ಇಲ್ಲ" ಎಂದರು ಮಿಸಸ್ ಬಾಕಾ.

"ಊರಲ್ಲೆಲ್ಲಾ ಹೇಳ್ಕೊಂಡು ಬಂದೆ. ನಮ್ಮ ತಮ್ಮನ ಹತ್ರ, ಚರ್ಚಿನಲ್ಲಿ ಪಾದ್ರಿ ಹತ್ರ ಕೂಡ, ಹೆಂಡ್ತಿ ಮಾತ್ರೆ ಕದ್ದೆ ಅಂತ." ನನ್ನ ಕಡೆ ತಿರುಗಿದ. ಆ ಹಟಮಾರಿಯ ಕಣ್ಣಲ್ಲಿ ನೀರು ನಾನು ನೋಡಿದ್ದು ಅವತ್ತೇ ಮೊದಲು. "ಹಾಗಾದ್ರೆ ನಾನು ಇಷ್ಟು ದಿನ ಸುಮ್ಸುಮ್ನೆ ಕಳ್ಳ ಆಗಿದ್ನಾ ರೋಂಡಾ?"

ನಾನು ಅವನ ಟೋಪಿ ಕಿತ್ತು ಮೇಜಿನ ಮೇಲೆ ಹಾಕಿ, ಎರಡೂ ಕೈ ಹಿಡಿದುಕೊಂಡೆ.

"ಸುಮ್ನೆ ಅಲ್ಲ ಕಣೋ ಮುದುಕಾ" ಎಂದೆ. "ನನಗೋಸ್ಕರ ಆಗಿದ್ದೆ."

ಅಷ್ಟು ಹೇಳುವಷ್ಟರಲ್ಲಿ ನನಗೂ ಅಳು ಬಂತು. ಇಬ್ಬರೂ ಅತ್ತೆವು. ಮಿಸಸ್ ಬಾಕಾ ಬಾಗಿಲು ಮುಂದೆ ಮಾಡಿಕೊಂಡು ಹೊರಗೆ ಹೋದರು.